ಲಿನಕ್ಸ್ ಕರ್ನಲ್ ಕೈಕೊಟ್ಟಾಗ: ಊಪ್ಸ್ ಸಂದೇಶದಿಂದ ಪ್ಯಾಚ್‌ವರೆಗೆ

ಸರ್ವರ್ ನಿಂತಿದೆ. ಪಿಂಗ್‌ಗೆ ಉತ್ತರವಿಲ್ಲ. ಪರದೆ ತುಂಬ ಅಂಕಿ, ಅಕ್ಷರ. ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಪವರ್ ಬಟನ್ ಕಡೆಗೆ. ದಯವಿಟ್ಟು ಒಂದು ನಿಮಿಷ ತಡೆಯಿರಿ. ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆದುಕೊಳ್ಳಿ. ರೀಬೂಟ್ ಮಾಡಿದರೆ ಮಷೀನ್ ಎದ್ದು ಬರಬಹುದು, ಆದರೆ ಯಾಕೆ ಬಿತ್ತು ಅನ್ನುವುದರ ಸಾಕ್ಷಿ ಹೋಗಿಬಿಡುತ್ತದೆ. ಮುಂದಿನ ಸಲ ಬಿದ್ದಾಗ ಮತ್ತೆ ಮೊದಲಿಂದ ಶುರು ಮಾಡಬೇಕು.

ಕಮಾಂಡ್ ಲೈನ್ ಬಳಸಿ ಅಭ್ಯಾಸವಿರುವ, ಸಿ ಭಾಷೆ ಒಂದಿಷ್ಟು ಓದಲು ಬರುವ ಯಾರೇ ಆದರೂ ಕರ್ನಲ್ (ಹಾರ್ಡ್‌ವೇರ್‌ಗೂ ಪ್ರೋಗ್ರಾಂಗಳಿಗೂ ನಡುವೆ ನಿಂತು ಎಲ್ಲ ನಡೆಸುವ ಲಿನಕ್ಸ್‌ನ ತಿರುಳು) ದೋಷದ ಬೆನ್ನು ಹತ್ತಬಹುದು. ಅದಕ್ಕೆ ಕರ್ನಲ್ ಪಂಡಿತರೇ ಆಗಬೇಕಿಲ್ಲ. ಬೇಕಾಗಿರುವುದು ಒಂದು ಅಭ್ಯಾಸ: ಊಹೆ ಮಾಡದೆ, ಹುಡುಕುವ ಜಾಗವನ್ನು ಪ್ರತಿ ಹೆಜ್ಜೆಯಲ್ಲೂ ಚಿಕ್ಕದು ಮಾಡುತ್ತಾ ಹೋಗುವುದು. ಕೆಳಗಿರುವುದೆಲ್ಲ ಆ ಕೆಲಸದ ಬೇರೆ ಬೇರೆ ದಾರಿಗಳು.

ಮೊದಲು, ಇದು ಕರ್ನಲ್ ದೋಷ ಹೌದಾ?

ಕರ್ನಲ್ ಮೇಲೆ ಬರುವ ದೂರುಗಳಲ್ಲಿ ಬೇಕಾದಷ್ಟು ಕರ್ನಲ್‌ನ ತಪ್ಪೇ ಅಲ್ಲ. ಡೇಟಾಬೇಸ್ ಇದ್ದಕ್ಕಿದ್ದಂತೆ ಸತ್ತುಹೋಯಿತು ಎಂದುಕೊಳ್ಳಿ. ಕರ್ನಲ್ ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್' ಎಂಬ ಸಾಲು ಇದ್ದರೆ ಅಲ್ಲಿ ದೋಷವಿಲ್ಲ. ಮೆಮೊರಿ ಮುಗಿದಿದೆ, ಉಳಿದದ್ದನ್ನು ಉಳಿಸಲು ಕರ್ನಲ್ ಒಂದನ್ನು ಕೊಂದಿದೆ, ಅಷ್ಟೇ. ಮೆಮೊರಿ ತಿಂದವರು ಯಾರು ಅಂತ ಹುಡುಕಬೇಕು. ಕರ್ನಲ್ ಬದಲಿಸಿ ಪ್ರಯೋಜನವಿಲ್ಲ.

ಒಂದೇ ಪ್ರೋಗ್ರಾಂ 'ಸೆಗ್‌ಫಾಲ್ಟ್' ಎಂದು ಸಾಯುತ್ತಿದ್ದರೆ ಅದೂ ಬಹುತೇಕ ಆ ಪ್ರೋಗ್ರಾಂನದೇ ಸಮಸ್ಯೆ. ಕೋರ್ ಡಂಪ್ (ಸಾಯುವ ಹೊತ್ತಿನ ಅದರ ಮೆಮೊರಿಯ ನಕಲು) ತೆಗೆದು ಜಿಡಿಬಿ ಡೀಬಗರ್‌ನಲ್ಲಿ ಬ್ಯಾಕ್‌ಟ್ರೇಸ್ ನೋಡಿ, ಅಲ್ಲಿಗೆ ಮುಗಿಯುತ್ತದೆ. ಆದರೆ ಸಂಬಂಧವೇ ಇಲ್ಲದ ನಾಲ್ಕಾರು ಪ್ರೋಗ್ರಾಂಗಳು ದಿನಕ್ಕೊಂದರಂತೆ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಬೀಳುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲಿರಲಿ. ಮೆಮ್‌ಟೆಸ್ಟ್86+ ಹಾಕಿ ಒಂದು ರಾತ್ರಿ ಪೂರ್ತಿ ಓಡಲು ಬಿಡಿ. ಅರ್ಧ ಗಂಟೆ ಓಡಿಸಿ 'ಎಲ್ಲ ಸರಿ ಇದೆ' ಅನ್ನಬೇಡಿ. ಬಿಸಿಯಾದ ಮೇಲಷ್ಟೇ ತಪ್ಪುವ ಚಿಪ್‌ಗಳಿರುತ್ತವೆ.

ಡಿಸ್ಕ್‌ನ ಆರೋಗ್ಯ ನೋಡಲು ಸ್ಮಾರ್ಟ್‌ಸಿಟಿಎಲ್ ಇದೆ. ಅದರ ಪಟ್ಟಿಯಲ್ಲಿ ರಿಅಲೊಕೇಟೆಡ್ (ಕೆಟ್ಟು ಬದಲಿ ಜಾಗ ಪಡೆದ) ಸೆಕ್ಟರ್, ಪೆಂಡಿಂಗ್ (ಓದಲಾಗದೆ ಉಳಿದ) ಸೆಕ್ಟರ್ ಲೆಕ್ಕ ನೋಡಿ. ಪೆಂಡಿಂಗ್ ಸೆಕ್ಟರ್ ಏರುತ್ತಾ ಇದ್ದರೆ ಫೈಲ್‌ಸಿಸ್ಟಮ್ ದೋಷ ಹುಡುಕುವುದನ್ನು ಬಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ. ಲಾಗ್‌ನಲ್ಲಿ 'ಹಾರ್ಡ್‌ವೇರ್ ಎರರ್' ಅಥವಾ 'ಮಷೀನ್ ಚೆಕ್' ಎಂದು ಕಂಡರೆ ಪ್ರೊಸೆಸರ್ರೇ ದೂರು ಕೊಡುತ್ತಿದೆ ಎಂದರ್ಥ.

ಸಾಕ್ಷಿ ಉಳಿಯುವಂತೆ ಮಾಡಿ

ಮಷೀನ್ ಇನ್ನೂ ಜೀವಂತವಾಗಿದ್ದರೆ ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ (dmesg) ಕಮಾಂಡ್ ಸಾಕು. ದೊಡ್ಡಕ್ಷರದ ಟಿ ಆಯ್ಕೆ (-T) ಕೊಟ್ಟರೆ ನಾವು ಓದುವ ರೀತಿಯಲ್ಲೇ ಸಮಯ ತೋರಿಸುತ್ತದೆ. ಆದರೆ ಲ್ಯಾಪ್‌ಟಾಪ್ ನಡುವೆ ಸಸ್ಪೆಂಡ್ ಆಗಿದ್ದರೆ ಆ ಸಮಯವನ್ನು ಪೂರ್ತಿ ನಂಬಬೇಡಿ.

ರೀಬೂಟ್ ಆಗಿಹೋಗಿದ್ದರೆ ಜರ್ನಲ್‌ಸಿಟಿಎಲ್‌ಗೆ ಹಿಂದಿನ ಬೂಟ್‌ನ ಕರ್ನಲ್ ಲಾಗ್ ಕೇಳಿ. ಕೆ ಆಯ್ಕೆ, ಜೊತೆಗೆ ಬಿ ಆಯ್ಕೆಗೆ ಮೈನಸ್ 1. ಏನೂ ಬರಲಿಲ್ಲವಾದರೆ ವಾರ್ ಲಾಗ್ ಒಳಗೆ ಜರ್ನಲ್ ಎಂಬ ಫೋಲ್ಡರ್ (/var/log/journal) ಇದೆಯಾ ನೋಡಿ. ಕೆಲವು ಕಡೆ ಅದು ಇರುವುದಿಲ್ಲ. ಹಾಗಿದ್ದಾಗ ಲಾಗ್ ಬರೀ ರ‍್ಯಾಮ್‌ನಲ್ಲಿದ್ದು ರೀಬೂಟ್ ಜೊತೆಗೇ ಹೋಗುತ್ತದೆ. ಆ ಫೋಲ್ಡರ್ ಮಾಡಿಡುವ ಒಂದು ಸಾಲಿನ ಕೆಲಸವನ್ನು ಇವತ್ತೇ ಮುಗಿಸಿಬಿಡಿ.

ಕರ್ನಲ್ ಪ್ಯಾನಿಕ್ ಆದಾಗ, ಅಂದರೆ ಮುಂದೆ ಓಡಲಾಗದೆ ಎಲ್ಲವನ್ನೂ ನಿಲ್ಲಿಸಿದಾಗ, ಡಿಸ್ಕ್‌ಗೆ ಬರೆಯಲು ಆಗದೇ ಇರಬಹುದು. ಅದಕ್ಕೆ ಮೂರು ದಾರಿ ಇವೆ. ಯುಇಎಫ್ಐ (ಹೊಸ ಮಾದರಿಯ ಬೂಟ್ ಫರ್ಮ್‌ವೇರ್) ಇರುವ ಮಷೀನ್‌ಗಳಲ್ಲಿ ಪಿಸ್ಟೋರ್ ಎಂಬುದು ಕೊನೆಯ ಸಾಲುಗಳನ್ನು ಫರ್ಮ್‌ವೇರ್ ಮೆಮೊರಿಯಲ್ಲಿ ಇಡಬಲ್ಲದು. ನೆಟ್‌ಕನ್ಸೋಲ್ ಪ್ರತಿ ಸಾಲನ್ನೂ ಯುಡಿಪಿ ಮೂಲಕ ಪಕ್ಕದ ಮಷೀನ್‌ಗೆ ಕಳಿಸುತ್ತದೆ. ಮೂರನೆಯದು ಕೆಡಂಪ್. ಬೂಟ್ ಸಾಲಿನಲ್ಲಿ 'ಕ್ರ್ಯಾಶ್‌ಕರ್ನಲ್' ಎಂದು ಸ್ವಲ್ಪ ಮೆಮೊರಿ ಮೀಸಲಿಟ್ಟರೆ, ಓಡುತ್ತಿದ್ದ ಕರ್ನಲ್ ಬಿದ್ದ ತಕ್ಷಣ ಆ ಮೀಸಲು ಜಾಗದಿಂದ ಇನ್ನೊಂದು ಪುಟ್ಟ ಕರ್ನಲ್ ಎದ್ದು, ಬಿದ್ದದ್ದರ ಮೆಮೊರಿಯನ್ನು ಫೈಲ್‌ಗೆ ಬರೆದಿಡುತ್ತದೆ. ಆಮೇಲೆ ಅದನ್ನು ಕ್ರ್ಯಾಶ್ ಎಂಬ ಟೂಲ್‌ನಲ್ಲಿ ತೆರೆದು ನಿಧಾನವಾಗಿ ನೋಡಬಹುದು. ಮುಖ್ಯವಾದ ಸರ್ವರ್‌ಗಳಲ್ಲಿ ಕೆಡಂಪ್ ಇಲ್ಲದೆ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೀಸಲಿಡುವ ಮೆಮೊರಿ ಕಡಿಮೆ, ಸಿಗುವ ಮಾಹಿತಿ ಜಾಸ್ತಿ.

ಊಪ್ಸ್ ಓದುವುದು

ಕರ್ನಲ್ ತನ್ನೊಳಗೆ ಎಡವಿದಾಗ ಕೊಡುವ ವರದಿಗೆ ಊಪ್ಸ್ ಎನ್ನುತ್ತಾರೆ. ನೋಡಿದರೆ ಗಾಬರಿಯಾಗುತ್ತದೆ, ನಿಜ. ಆದರೆ ಅದರಲ್ಲಿ ನಾಲ್ಕು ಸಾಲು ಓದಿಕೊಂಡರೆ ಹೆಚ್ಚುಕಡಿಮೆ ಅರ್ಧ ಕಥೆ ಸಿಕ್ಕಂತೆ.

ಮೊದಲ ಸಾಲು ಹೀಗಿರುತ್ತದೆ ಎಂದುಕೊಳ್ಳಿ: 'ಬಗ್: ಕರ್ನಲ್ ನಲ್ ಪಾಯಿಂಟರ್ ಡಿರೆಫರೆನ್ಸ್, ಅಡ್ರೆಸ್: 0000000000000008'. ವಿಳಾಸ ಸೊನ್ನೆ ಅಲ್ಲ, 8. ಅಂದರೆ ಕೋಡ್ ಕೈಯಲ್ಲಿ ನಲ್ ಪಾಯಿಂಟರ್ ಇತ್ತು, ಅದು ಒಂದು ಸ್ಟ್ರಕ್ಟ್ ಅಂತ ನಂಬಿ ಅದರೊಳಗೆ 8 ಬೈಟ್ ದೂರದಲ್ಲಿರುವ ಸದಸ್ಯವನ್ನು ಓದಲು ಹೋಯಿತು. 64 ಬಿಟ್ ಮಷೀನ್‌ನಲ್ಲಿ ಒಂದು ಪಾಯಿಂಟರ್ 8 ಬೈಟ್. ಹಾಗಾಗಿ ಪಾಯಿಂಟರ್‌ಗಳಿಂದ ಶುರುವಾಗುವ ಸ್ಟ್ರಕ್ಟ್ ಆದರೆ ಅದು ಎರಡನೇ ಸದಸ್ಯ. ಸೋರ್ಸ್ ತೆರೆದಾಗ ಯಾವ ಬಾಣದ ಗುರುತು ತಪ್ಪಿದೆ ಎಂದು ಹೇಳಲು ಈ ಒಂದು ಅಂಕಿಯೇ ಸಾಕಾಗುತ್ತದೆ.

ವಿಳಾಸಗಳು ಇನ್ನೂ ಮಾತಾಡುತ್ತವೆ. ಹದಿನಾರಂಕಿ ಲೆಕ್ಕದಲ್ಲಿ 'ಡಿಇಎಡಿ' ಎಂದು ಶುರುವಾಗಿ 100 ಅಥವಾ 122ಕ್ಕೆ ಮುಗಿದರೆ, ಪಟ್ಟಿಯಿಂದ ತೆಗೆದುಹಾಕಿದ ನೋಡ್ ಅನ್ನು ಯಾರೋ ಮತ್ತೆ ಮುಟ್ಟಿದ್ದಾರೆ. ಕರ್ನಲ್ ಬೇಕೆಂದೇ ಅಲ್ಲಿ ಆ ವಿಷದ ಗುರುತು ಹಾಕಿರುತ್ತದೆ. 6ಬಿ6ಬಿ6ಬಿ ಎಂದು ಸಾಲುಸಾಲಾಗಿ ಕಂಡರೆ ಬಿಟ್ಟುಕೊಟ್ಟ ಮೆಮೊರಿಯನ್ನು ಬಳಸಿದ್ದಾರೆ, ಸ್ಲ್ಯಾಬ್ ಡೀಬಗ್ (ಕರ್ನಲ್ ಮೆಮೊರಿ ಹಂಚಿಕೆಯ ತಪಾಸಣೆ) ಆನ್ ಇದ್ದದ್ದರಿಂದ ಅದು ಸಿಕ್ಕಿಬಿದ್ದಿದೆ.

ಎರಡನೆಯದು 'ಟೈಂಟೆಡ್' ಇರುವ ಸಾಲು. ಕರ್ನಲ್ ಹೇಗೆ ಕಲುಷಿತವಾಗಿದೆ ಎಂದು ಒಂದೊಂದು ಅಕ್ಷರದಲ್ಲಿ ಹೇಳುತ್ತದೆ. ಇದನ್ನು ಎಷ್ಟೋ ಜನ ಓದುವುದೇ ಇಲ್ಲ. ಪಿ ಇದ್ದರೆ ಸೋರ್ಸ್ ಮುಚ್ಚಿಟ್ಟ ಖಾಸಗಿ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಣುಕು) ಸೇರಿಕೊಂಡಿದೆ. ಓ ಇದ್ದರೆ ಕರ್ನಲ್‌ನ ಅಧಿಕೃತ ಸೋರ್ಸ್ ಮರದ ಹೊರಗಿನ ಮಾಡ್ಯೂಲ್ ಇದೆ. ಡಬ್ಲ್ಯೂ ಇದ್ದರೆ ಇದಕ್ಕೂ ಮುಂಚೆ ಒಂದು ಎಚ್ಚರಿಕೆ ಬಂದುಹೋಗಿದೆ. ಡಿ ಇದ್ದರೆ ಇದಕ್ಕೂ ಮೊದಲೇ ಒಂದು ಊಪ್ಸ್ ಆಗಿದೆ, ಈಗ ನೋಡುತ್ತಿರುವುದು ಅದರ ಬಾಲ. ಮೇಲಕ್ಕೆ ಹೋಗಿ ಮೊಟ್ಟಮೊದಲ ಊಪ್ಸ್ ಹುಡುಕಿ. ಎರಡನೆಯದು, ಮೂರನೆಯದು ಸುಮ್ನೆ ದಾರಿ ತಪ್ಪಿಸುತ್ತವೆ. ಪಿ ಅಥವಾ ಓ ಇದ್ದರೆ ಆ ಮಾಡ್ಯೂಲ್ ತೆಗೆದು ಅದೇ ದೋಷ ಮತ್ತೆ ಬರಿಸಿ ನೋಡಿ. ಇಲ್ಲದಿದ್ದರೆ ನಿಮ್ಮ ವರದಿಯನ್ನು ಕರ್ನಲ್ ಮಂದಿ ಕೈಗೆತ್ತಿಕೊಳ್ಳುವುದು ಕಷ್ಟ. ಅವರು ನೋಡಲಾಗದ ಕೋಡ್ ಅಲ್ಲಿ ಓಡುತ್ತಿದೆ, ಅಲ್ವಾ?

ಮೂರನೆಯದು 'ಆರ್‌ಐಪಿ' ಸಾಲು. ಬಿದ್ದ ಜಾಗ ಇದೇ. ಫಂಕ್ಷನ್ ಹೆಸರು, ಮುಂದೆ ಪ್ಲಸ್ ಗುರುತು, ಆಮೇಲೆ 0ಎಕ್ಸ್24/0ಎಕ್ಸ್90 ಥರ ಎರಡು ಅಂಕಿ. ಫಂಕ್ಷನ್‌ನ ಒಟ್ಟು ಉದ್ದ ಹದಿನಾರಂಕಿ ಲೆಕ್ಕದಲ್ಲಿ 90, ಅಂದರೆ 144 ಬೈಟ್. ಬಿದ್ದದ್ದು 36ನೇ ಬೈಟ್‌ನಲ್ಲಿ, ಅಂದರೆ ಶುರುವಿನ ಕಾಲು ಭಾಗದಲ್ಲೇ. ಡೀಬಗ್ ಮಾಹಿತಿ ಇರುವ ವಿಎಂಲಿನಕ್ಸ್ ಫೈಲ್ (ಕಂಪೈಲ್ ಆದ, ಕುಗ್ಗಿಸದ ಕರ್ನಲ್) ಕೈಯಲ್ಲಿದ್ದರೆ, ಕರ್ನಲ್ ಸೋರ್ಸ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುವ 'ಎಫ್ಆಡ್ರ್‌2ಲೈನ್' ಈ ಹೆಸರು, ಅಂಕಿ ಎರಡನ್ನೂ ತೆಗೆದುಕೊಂಡು ನೇರವಾಗಿ ಫೈಲ್ ಹೆಸರು, ಸಾಲಿನ ಸಂಖ್ಯೆ ಹೇಳುತ್ತದೆ. ಇಡೀ ಟ್ರೇಸ್ ಬಿಡಿಸಬೇಕಾದರೆ ಅಲ್ಲೇ 'ಡಿಕೋಡ್ ಸ್ಟ್ಯಾಕ್‌ಟ್ರೇಸ್' ಸ್ಕ್ರಿಪ್ಟ್ ಇದೆ. ಬರಿಯ ವಿಳಾಸ ಇಟ್ಟುಕೊಂಡು ಈಗ ಪ್ರಯೋಜನವಿಲ್ಲ. ಕೆಎಎಸ್‌ಎಲ್‌ಆರ್ ಎಂಬ ಭದ್ರತಾ ಉಪಾಯ ಬಂದ ಮೇಲೆ ಕರ್ನಲ್ ಪ್ರತಿ ಬೂಟ್‌ಗೂ ಬೇರೆ ವಿಳಾಸದಲ್ಲಿ ಕೂರುತ್ತದೆ. ಫಂಕ್ಷನ್ ಹೆಸರು ಮತ್ತು ದೂರ ಮಾತ್ರ ಬದಲಾಗುವುದಿಲ್ಲ. ಒಂದು ಎಚ್ಚರಿಕೆ: ವಿಎಂಲಿನಕ್ಸ್ ಫೈಲ್ ಬಿದ್ದ ಕರ್ನಲ್‌ನದೇ ಬಿಲ್ಡ್ ಆಗಿರಬೇಕು. ಒಂದು ಕಾನ್ಫಿಗ್ ಆಯ್ಕೆ ಬದಲಾದರೂ ಸಾಲಿನ ಸಂಖ್ಯೆ ಸುಳ್ಳು ಹೇಳುತ್ತದೆ, ಅದೂ ನಂಬುವ ಹಾಗೆ.

ನಾಲ್ಕನೆಯದು ಕಾಲ್ ಟ್ರೇಸ್, ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ. ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಸಿಸ್ಟಮ್ ಕಾಲ್, ಮೇಲೆ ಬಿದ್ದ ಫಂಕ್ಷನ್. ಪ್ರಶ್ನಾರ್ಥಕ ಚಿಹ್ನೆ ಇರುವ ಸಾಲುಗಳು ಸ್ಟ್ಯಾಕ್‌ನಲ್ಲಿ ಉಳಿದುಹೋದ ಹಳೆಯ ವಿಳಾಸಗಳಿರಬಹುದು, ಮೊದಲ ಓದಿಗೆ ಬಿಟ್ಟುಬಿಡಿ.

ಬೀಳುವುದಿಲ್ಲ, ಏಳುವುದೂ ಇಲ್ಲ

ಹ್ಯಾಂಗ್ ಆಗುವ ಮಷೀನ್ ಬೇರೆ ಥರ. 'ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್' ಎಂದರೆ ಒಂದು ಪ್ರೊಸೆಸ್ ಡಿ ಸ್ಥಿತಿಯಲ್ಲಿ (ಎಬ್ಬಿಸಲಾಗದ ನಿದ್ದೆಯಲ್ಲಿ) ಯಾವುದಕ್ಕೋ ಕಾಯುತ್ತಾ ಕೂತಿದೆ. ಡಿಸ್ಕ್ ಇರಬಹುದು, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲಿನ ಫೈಲ್‌ಸಿಸ್ಟಮ್) ಇರಬಹುದು, ಬಿಡದ ಒಂದು ಲಾಕ್ ಇರಬಹುದು. 'ಸಾಫ್ಟ್ ಲಾಕಪ್' ಎಂದರೆ ಉಲ್ಟಾ: ಒಂದು ಸಿಪಿಯು ಕರ್ನಲ್ ಒಳಗೇ ಸುತ್ತುತ್ತಿದೆ, 20 ಸೆಕೆಂಡ್ ಆದರೂ ಬೇರೆಯವರಿಗೆ ಜಾಗ ಬಿಟ್ಟಿಲ್ಲ. ಮೊದಲನೆಯದರಲ್ಲಿ ಯಾರು ಕಾಯುತ್ತಿದ್ದಾರೆ ಎನ್ನುವುದಕ್ಕಿಂತ ಯಾರನ್ನು ಕಾಯುತ್ತಿದ್ದಾರೆ ಎಂಬುದು ಮುಖ್ಯ. ಆಲ್ಟ್, ಸಿಸ್‌ಆರ್‌ಕ್ಯೂ, ಡಬ್ಲ್ಯೂ ಒಟ್ಟಿಗೆ ಒತ್ತಿದರೆ ಸಿಕ್ಕಿಕೊಂಡ ಎಲ್ಲ ಪ್ರೊಸೆಸ್‌ಗಳ ಸ್ಟ್ಯಾಕ್ ಲಾಗ್‌ಗೆ ಬರುತ್ತದೆ. ಆದರೆ ಹಲವು ಡಿಸ್ಟ್ರೋಗಳಲ್ಲಿ (ಲಿನಕ್ಸ್ ವಿತರಣೆಗಳಲ್ಲಿ) ಈ ಕೀಲಿಗಳಿಗೆ ಭಾಗಶಃ ಬೀಗ ಹಾಕಿರುತ್ತಾರೆ, ಮೊದಲೇ ತೆರೆದಿಟ್ಟುಕೊಳ್ಳಿ. ಪರೀಕ್ಷೆಯ ಮಷೀನ್ ಆದರೆ ಲಾಕ್‌ಡೆಪ್ ಆನ್ ಮಾಡಿದ ಕರ್ನಲ್ ಕಟ್ಟಿ. ಎರಡು ಲಾಕ್‌ಗಳನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಹಿಡಿಯುತ್ತಿದ್ದರೆ ನಿಜವಾಗಿ ಸಿಕ್ಕಿಕೊಳ್ಳುವ ಮೊದಲೇ ಅದು ಕೂಗಿ ಹೇಳುತ್ತದೆ.

ಮೆಮೊರಿ ಹಾಳಾಗುವ ದೋಷಗಳಿಗೆ ಇದೇ ರೀತಿ ಕೆಎಎಸ್ಎಎನ್ ಇದೆ. 2015ರಲ್ಲಿ 4.0 ಕರ್ನಲ್ ಜೊತೆ ಬಂದದ್ದು. ಮೆಮೊರಿಯ ಎಂಟನೇ ಒಂದು ಭಾಗವನ್ನು ಲೆಕ್ಕ ಬರೆದಿಡಲು ತೆಗೆದುಕೊಳ್ಳುತ್ತದೆ, ಮಷೀನ್ ನಿಧಾನವೂ ಆಗುತ್ತದೆ. ಆದರೆ ಎಲ್ಲೋ ಕೆಟ್ಟು ಇನ್ನೆಲ್ಲೋ ಬೀಳುವ ದೋಷಕ್ಕೆ ಇದಕ್ಕಿಂತ ಒಳ್ಳೆ ಔಷಧ ನನಗೆ ಗೊತ್ತಿಲ್ಲ. ಮೆಮೊರಿ ಯಾರು ಪಡೆದರು, ಯಾರು ಬಿಟ್ಟರು, ಬಿಟ್ಟ ಮೇಲೆ ಯಾರು ಮುಟ್ಟಿದರು ಎಂದು ಮೂರೂ ಸ್ಟ್ಯಾಕ್ ಪಕ್ಕಪಕ್ಕ ಇಟ್ಟು ತೋರಿಸುತ್ತದೆ.

ನಿನ್ನೆ ಸರಿ ಇತ್ತು, ಇವತ್ತು ಇಲ್ಲ

ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಎಂದಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕೋಡ್ ಅರ್ಥವಾಗದಿದ್ದರೂ ತಪ್ಪು ಮಾಡಿದ ಕಮಿಟ್ (ಸೋರ್ಸ್ ಇತಿಹಾಸ ಇಡುವ ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಹಿಡಿಯಬಹುದು. ಗಿಟ್ ಬೈಸೆಕ್ಟ್ ಇರುವುದೇ ಅದಕ್ಕೆ.

ಒಂದು ಕರ್ನಲ್ ಬಿಡುಗಡೆಗೂ ಮುಂದಿನದಕ್ಕೂ ನಡುವೆ ಹತ್ತು ಸಾವಿರಕ್ಕೂ ಜಾಸ್ತಿ ಕಮಿಟ್ ಬರುತ್ತವೆ. ಕೇಳಿದರೆ ಭಯವಾಗುತ್ತದೆ. ಆದರೆ ಪ್ರತಿ ಸಲ ಅರ್ಧಕ್ಕೆ ಇಳಿಸಿದರೆ 14 ಸುತ್ತಿನಲ್ಲಿ ಮುಗಿಯುತ್ತದೆ. ಸರಿ ಇದ್ದ ಆವೃತ್ತಿಗೆ 'ಗುಡ್', ಕೆಟ್ಟದ್ದಕ್ಕೆ 'ಬ್ಯಾಡ್' ಎಂದು ಹೇಳಿ. ಗಿಟ್ ನಡುವಿನ ಕಮಿಟ್ ಎತ್ತಿ ಕೊಡುತ್ತದೆ. ಬಿಲ್ಡ್ ಮಾಡಿ, ಬೂಟ್ ಮಾಡಿ, ಪರೀಕ್ಷಿಸಿ, ಉತ್ತರ ಕೊಡಿ. ಮತ್ತೆ ನಡುವಿನದು ಬರುತ್ತದೆ.

ಅದಕ್ಕೂ ಮೊದಲು ಪುಟ್ಟ ಆವೃತ್ತಿಗಳನ್ನು ನೋಡಿ. 6.1.63ರಲ್ಲಿ ಸರಿ ಇದ್ದು 6.1.64ರಲ್ಲಿ ಕೆಟ್ಟಿದ್ದರೆ ಕೆಲಸ ಇನ್ನೂ ಸಲೀಸು. ಅವೆರಡರ ನಡುವೆ ಇರುವುದು ಕೆಲವು ನೂರು ಕಮಿಟ್ ಮಾತ್ರ.

ಸಮಯ ತಿನ್ನುವುದು ಬಿಲ್ಡ್. ಡಿಸ್ಟ್ರೋ ಕಾನ್ಫಿಗ್ ಹಾಗೇ ಇಟ್ಟರೆ ನಿಮ್ಮ ಹತ್ತಿರ ಇಲ್ಲದ ಸಾವಿರಾರು ಡ್ರೈವರ್‌ಗಳೂ ಕಂಪೈಲ್ ಆಗುತ್ತವೆ. 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅದನ್ನು ಓಡಿಸುವ ಮೊದಲು ಪೆನ್‌ಡ್ರೈವ್, ವೈಫೈ, ಪ್ರಿಂಟರ್ ಎಲ್ಲ ಒಮ್ಮೆ ಚುಚ್ಚಿ ಬಳಸಿಬಿಡಿ, ಇಲ್ಲವಾದರೆ ಅವುಗಳ ಡ್ರೈವರ್ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ನಡುವೆ ಬಿಲ್ಡ್ ಆಗದ ಕಮಿಟ್ ಸಿಕ್ಕರೆ 'ಸ್ಕಿಪ್' ಅನ್ನಿ. ಗೊತ್ತಾಗದಿದ್ದಾಗ ಊಹೆ ಮೇಲೆ ಗುಡ್ ಅನ್ನಬೇಡಿ. ಬೈಸೆಕ್ಟ್‌ನಲ್ಲಿ ಒಂದು ತಪ್ಪು ಉತ್ತರ ಕೊಟ್ಟರೆ ಉಳಿದದ್ದೆಲ್ಲ ಬೇರೆ ಊರಿಗೆ ಹೋಗುವ ಬಸ್ ಹತ್ತಿದ ಹಾಗೆ. ಆಗಾಗ ಮಾತ್ರ ಕಾಣಿಸಿಕೊಳ್ಳುವ ದೋಷವಾದರೆ, ಕೆಟ್ಟ ಕರ್ನಲ್‌ನಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮೊದಲು ನೋಡಿಕೊಂಡು, ಅದರ ನಾಲ್ಕೈದು ಪಟ್ಟು ಹೊತ್ತು ಓಡಿಸಿದ ಮೇಲಷ್ಟೇ ಗುಡ್ ಎನ್ನಿ. ಕೊನೆಗೆ ಸಿಕ್ಕ ಕಮಿಟ್ ಅನ್ನು ರಿವರ್ಟ್ ಮಾಡಿ, ಹೊಸ ಕರ್ನಲ್ ಮೇಲೆ ದೋಷ ಹೋಯಿತಾ ನೋಡಿ. ಹೋದರೆ ಮಾತ್ರ ಅದು ನಿಜವಾದ ಉತ್ತರ.

ಇದನ್ನೇ ತಿರುಗಿಸಿಯೂ ಬಳಸಬಹುದು. ಹೊಸ ಕರ್ನಲ್‌ನಲ್ಲಿ ದೋಷ ಇಲ್ಲ, ನಿಮ್ಮ ಹಳೆಯದರಲ್ಲಿ ಇದೆ ಎಂದಾದರೆ ಯಾವ ಕಮಿಟ್ ಸರಿಪಡಿಸಿತು ಎಂದು ಹುಡುಕಿ. ಆ ಕಮಿಟ್ ಅನ್ನು ಹಳೆಯದಕ್ಕೆ ತರಬಹುದು. ಹೀಗೆ ತರುವುದರಲ್ಲೂ ಅಪಾಯವಿದೆ, ಅದಕ್ಕೊಂದು ನಿಜವಾದ ಪ್ರಕರಣ ಹೇಳುತ್ತೇನೆ.

2023ರ ಇಎಕ್ಸ್‌ಟಿ4 ಪ್ರಕರಣ

ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ ಒಂದು ದೋಷ ಸರಿಪಡಿಸುವ ಕಮಿಟ್ ಮುಖ್ಯ ಕರ್ನಲ್‌ಗೆ (ಹೊಸ ಕೆಲಸವೆಲ್ಲ ಮೊದಲು ಸೇರುವ ಮೂಲ ಮರಕ್ಕೆ) ಸೇರಿತ್ತು. ಸಿಂಕ್ ಆಯ್ಕೆಯೊಂದಿಗೆ ಡೈರೆಕ್ಟ್ ಐಒ ಬರಹ (ಕ್ಯಾಶ್ ದಾಟಿ ನೇರ ಡಿಸ್ಕ್‌ಗೆ ಬರೆಯುವುದು) ಆದಾಗ ಫೈಲ್‌ನ ಗಾತ್ರವೂ ಸರಿಯಾಗಿ ಡಿಸ್ಕ್‌ಗೆ ಹೋಗಲಿ ಎಂಬುದು ಉದ್ದೇಶ. ಒಳ್ಳೆಯ ಪ್ಯಾಚ್ (ಕೋಡ್ ತಿದ್ದುವ ತುಣುಕು). ಅದನ್ನು 2023ರ ನವೆಂಬರ್ ಕೊನೆಯಲ್ಲಿ 6.1.64 ಸ್ಟೇಬಲ್ (ತಿದ್ದುಪಡಿಗಳನ್ನಷ್ಟೇ ಪಡೆಯುವ ಹಳೆಯ ಸಾಲಿನ) ಕರ್ನಲ್‌ಗೂ ತಂದರು. ಆದರೆ ಮುಖ್ಯ ಕರ್ನಲ್‌ನಲ್ಲಿ ಆ ಪ್ಯಾಚ್ ಇನ್ನೊಂದು ಬದಲಾವಣೆಯ ಮೇಲೆ ನಿಂತಿತ್ತು. ಐಒಮ್ಯಾಪ್ ಎಂಬ ಭಾಗದಲ್ಲಿ, ಫೈಲ್‌ನಲ್ಲಿ ನಾವು ಎಲ್ಲಿದ್ದೇವೆ ಎಂಬ ಸ್ಥಾನವನ್ನು ಸ್ವಲ್ಪ ತಡವಾಗಿ ಮುಂದೂಡುವ ಪುಟ್ಟ ಬದಲಾವಣೆ ಅದು. ಅದು 6.1ಕ್ಕೆ ಬಂದಿರಲಿಲ್ಲ. ಎರಡರಲ್ಲಿ ಒಂದೇ ಬಂದಾಗ ಡೈರೆಕ್ಟ್ ಐಒ ಬರಹದ ನಂತರ ಫೈಲ್ ಸ್ಥಾನದ ಲೆಕ್ಕ ತಪ್ಪುತ್ತಿತ್ತು. ಸ್ಥಾನ ತಪ್ಪಿದರೆ ಮುಂದಿನ ಬರಹ ಬೀಳಬಾರದ ಜಾಗದಲ್ಲಿ ಬೀಳುತ್ತದೆ. ಊಪ್ಸ್ ಇಲ್ಲ, ಲಾಗ್‌ನಲ್ಲಿ ಸದ್ದಿಲ್ಲ, ಡೇಟಾ ಮಾತ್ರ ಹಾಳು.

ಇದನ್ನು ಹಿಡಿದದ್ದು ಒಂದು ಪರೀಕ್ಷೆ. ಎಲ್‌ಟಿಪಿ ಎಂಬ ಲಿನಕ್ಸ್ ಪರೀಕ್ಷಾ ಸರಣಿಯ 'ಪಿರೀಡ್‌ವಿ03' ಎಂಬುದು 5.15.140ರ ಪೂರ್ವ ಆವೃತ್ತಿಯ ಮೇಲೆ ಸೋತಿತು. ಫೈಲ್‌ಸಿಸ್ಟಮ್ ಡೆವಲಪರ್ ಯಾನ್ ಕಾರಾ ಅದರ ಬೆನ್ನು ಹತ್ತಿದರು. 5.15ಕ್ಕೆ ಹೊರಟಿದ್ದ ಅದೇ ಪ್ಯಾಚ್ 6.1ರಲ್ಲಿ ಆಗಲೇ ಬಿಡುಗಡೆಯಾಗಿದೆ ಎಂಬುದನ್ನು ಎತ್ತಿ ತೋರಿಸಿದರು. ಅಷ್ಟರಲ್ಲಿ ಡೆಬಿಯನ್ 12.3 ಅದೇ 6.1.64 ಕರ್ನಲ್ ಇಟ್ಟುಕೊಂಡು ಹೊರಡಲು ಸಿದ್ಧವಾಗಿತ್ತು. ಡಿಸೆಂಬರ್ 9ರಂದು ಅದನ್ನು ತಡೆದರು. 6.1.66 ಕರ್ನಲ್ ಹಾಕಿ ಡಿಸೆಂಬರ್ 10ರಂದು ನೇರವಾಗಿ 12.4 ಬಿಟ್ಟರು.

ಹಾಗಾಗಿ ಪ್ಯಾಚ್ ಅನ್ನು ಹಳೆಯ ಕರ್ನಲ್‌ಗೆ ತರುವಾಗ 'ಅಪ್ಲೈ ಆಯಿತು, ಕಂಪೈಲ್ ಆಯಿತು' ಎಂಬುದಕ್ಕೆ ಬೆಲೆ ಕೊಡಬೇಡಿ. ಪ್ಯಾಚ್ ಮುಟ್ಟುವ ಫಂಕ್ಷನ್‌ಗಳನ್ನು ಕರೆಯುವವರು ಎರಡೂ ಕಡೆ ಒಂದೇ ಥರ ಇದ್ದಾರಾ ನೋಡಿ. ಆ ಫೈಲ್‌ಗಳ ಗಿಟ್ ಇತಿಹಾಸದಲ್ಲಿ ನಿಮ್ಮ ಆವೃತ್ತಿಗೂ ಆ ಕಮಿಟ್‌ಗೂ ನಡುವೆ ಏನೇನು ಬಂದಿದೆ ಎಂದು ಒಂದೊಂದಾಗಿ ಓದಿ. ಬೇಜಾರಿನ ಕೆಲಸವೇ, ಆದರೆ ಜನರ ಫೈಲ್‌ಗಳು ಇದರ ಮೇಲೆ ನಿಂತಿವೆ. ಆಮೇಲೆ ಫೈಲ್‌ಸಿಸ್ಟಮ್ ಆದರೆ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಪರೀಕ್ಷಾ ಸರಣಿ, ಉಳಿದದ್ದಕ್ಕೆ ಎಲ್‌ಟಿಪಿ ಓಡಿಸಿ.

ಪ್ಯಾಚ್ ಬರೆಯುವಾಗ

ನಲ್ ಪಾಯಿಂಟರ್ ಸಿಕ್ಕ ಕೂಡಲೇ ಬರುವ ಆಸೆ ಒಂದೇ: 'ನಲ್ ಆಗಿದ್ದರೆ ವಾಪಸ್ ಹೋಗು' ಎಂದು ಒಂದು ಸಾಲು ಸೇರಿಸುವುದು. ಇದರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆ ಪಾಯಿಂಟರ್ ಅಲ್ಲಿ ನಲ್ ಆಗಬಾರದಿತ್ತು ಎಂದಾದರೆ ಯಾಕೆ ಆಯಿತು ಎಂದು ತಿಳಿಯಬೇಕು. ಡ್ರೈವರ್ ತೆಗೆಯುವಾಗ ಇಂಟರಪ್ಟ್ ನಿಲ್ಲಿಸುವ ಮೊದಲೇ ಮೆಮೊರಿ ಬಿಟ್ಟರೇ? ಸಾಧನ ನೋಂದಾಯಿಸಿ ಆಮೇಲೆ ಅದರ ಡೇಟಾ ತುಂಬಿದರೇ? ಹಾಗಿದ್ದರೆ ಸರಿಯಾದ ಪ್ಯಾಚ್ ಎಂದರೆ ಎರಡು ಸಾಲುಗಳ ಜಾಗ ಅದಲುಬದಲು ಮಾಡುವುದು. ಬರೀ ನಲ್ ಚೆಕ್ ಹಾಕಿದರೆ ದೋಷ ಹೋಗುವುದಿಲ್ಲ, ಬೀಳುವುದು ಅಪರೂಪವಾಗುತ್ತದೆ, ಹುಡುಕುವುದು ಇನ್ನೂ ಕಷ್ಟವಾಗುತ್ತದೆ.

ಪ್ಯಾಚ್‌ನ ವಿವರಣೆಯಲ್ಲಿ ಬಳಕೆದಾರರಿಗೆ ಏನು ಕಂಡಿತು, ಯಾಕೆ ಆಯಿತು, ಈ ಬದಲಾವಣೆ ಹೇಗೆ ಸರಿಪಡಿಸುತ್ತದೆ ಎಂದು ಬರೆಯಿರಿ. ಊಪ್ಸ್‌ನ ಮುಖ್ಯ ಸಾಲುಗಳನ್ನು ಸೇರಿಸಿ. ಬೈಸೆಕ್ಟ್‌ನಲ್ಲಿ ಸಿಕ್ಕ ಕಮಿಟ್‌ನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆಯನ್ನು 'ಫಿಕ್ಸಸ್' ಸಾಲಿನಲ್ಲಿ ಹಾಕಿ. ಸ್ಟೇಬಲ್ ತಂಡದವರು ಯಾವ ಹಳೆಯ ಕರ್ನಲ್‌ಗೆ ಇದು ಬೇಕು ಎಂದು ನೋಡುವಾಗ ಈ ಸಾಲು ಬಹಳ ಸಹಾಯಕ್ಕೆ ಬರುತ್ತದೆ. 'ಸೈನ್ಡ್ ಆಫ್ ಬೈ' ಸಾಲು ಕಡ್ಡಾಯ. ಕೋಡ್ ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆ ಅದು, 2004ರಿಂದ ನಡೆದುಬಂದಿದೆ. ದೋಷ ತಿಳಿಸಿದವರ ಹೆಸರು 'ರಿಪೋರ್ಟೆಡ್ ಬೈ' ಎಂದು ಹಾಕುವುದನ್ನು ಮರೆಯಬೇಡಿ.

ಕಳಿಸುವ ಮುಂಚೆ ಕೋಡ್ ಶೈಲಿ ನೋಡುವ 'ಚೆಕ್‌ಪ್ಯಾಚ್' ಸ್ಕ್ರಿಪ್ಟ್ ಓಡಿಸಿ. 'ಗೆಟ್ ಮೇಂಟೇನರ್' ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕು ಎಂದು ಹೇಳುತ್ತದೆ. ಗಿಟ್‌ನ 'ಸೆಂಡ್ ಇಮೇಲ್' ಬಳಸಿ, ಬ್ರೌಸರ್‌ನ ಮೇಲ್‌ನಲ್ಲಿ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗಿ ಪ್ಯಾಚ್ ಕೆಡುತ್ತದೆ. ಉತ್ತರ ಬರದಿದ್ದರೆ ಒಂದೆರಡು ವಾರ ಬಿಟ್ಟು ವಿನಯವಾಗಿ ನೆನಪಿಸಿ. ಡಿಸ್ಟ್ರೋದ ಕರ್ನಲ್‌ನಲ್ಲಿ ಮಾತ್ರ ಬರುವ, ಮುಖ್ಯ ಕರ್ನಲ್‌ನಲ್ಲಿ ಬರದ ದೋಷವಾದರೆ ಡಿಸ್ಟ್ರೋದವರಿಗೆ ತಿಳಿಸುವುದು ಸರಿ. ದೋಷ ಭದ್ರತೆಗೆ ಸಂಬಂಧಿಸಿದ್ದಾದರೆ ಎಲ್ಲರೂ ನೋಡುವ ಕಡೆ ಹಾಕದೆ ಕರ್ನಲ್ ಭದ್ರತಾ ತಂಡಕ್ಕೆ ಖಾಸಗಿಯಾಗಿ ಬರೆಯಿರಿ.

ಪ್ಯಾಚ್ ಬಂದ ಮೇಲೆ

ಪ್ಯಾಕೇಜ್ ಅಪ್‌ಡೇಟ್ ಆದ ಮಾತ್ರಕ್ಕೆ ಹೊಸ ಕರ್ನಲ್ ಓಡುತ್ತಿಲ್ಲ. ರೀಬೂಟ್ ಆಗುವವರೆಗೆ ಹಳೆಯದೇ ಇರುತ್ತದೆ. 'ಯೂನೇಮ್' ಕಮಾಂಡ್ ಕೊಟ್ಟು ನೋಡಿ. ಅಲ್ಲೂ ಒಂದು ಮೋಸವಿದೆ: ಡೆಬಿಯನ್, ಉಬುಂಟುವಿನಲ್ಲಿ ಆರ್ ಆಯ್ಕೆ ತೋರಿಸುವುದು ಎಬಿಐ (ಮಾಡ್ಯೂಲ್‌ಗಳ ಜೊತೆಗಿನ ಹೊಂದಾಣಿಕೆಯ) ಹೆಸರನ್ನು. ಡೆಬಿಯನ್‌ನಲ್ಲಿ ನಿಜವಾದ ಪ್ಯಾಕೇಜ್ ಆವೃತ್ತಿ ವಿ ಆಯ್ಕೆಯಲ್ಲಿ ಕಾಣುತ್ತದೆ. ರೀಬೂಟ್ ಮಾಡಲು ಆಗದ ಸರ್ವರ್‌ಗಳಿಗೆ ಲೈವ್ ಪ್ಯಾಚಿಂಗ್ (ಓಡುತ್ತಿರುವ ಕರ್ನಲ್‌ಗೇ ಪ್ಯಾಚ್ ಹಾಕುವುದು) ಇದೆ, ಅದೂ 4.0ರಲ್ಲೇ ಕರ್ನಲ್ ಸೇರಿದ್ದು. ಆದರೆ ಅದು ಫಂಕ್ಷನ್ ಬದಲಿಸಲು ಸರಿ, ಸ್ಟ್ರಕ್ಟ್‌ನ ಆಕಾರವೇ ಬದಲಾಗುವ ಪ್ಯಾಚ್‌ಗಳಿಗೆ ಒಗ್ಗುವುದು ಕಷ್ಟ.

ಹೊಸ ಕರ್ನಲ್ ಹಾಕುವಾಗ ಸರಿಯಾಗಿ ಓಡುತ್ತಿದ್ದ ಹಳೆಯದೊಂದು ಗ್ರಬ್ ಮೆನುವಿನಲ್ಲಿ (ಬೂಟ್ ಆಗುವಾಗ ಕರ್ನಲ್ ಆರಿಸುವ ಪಟ್ಟಿಯಲ್ಲಿ) ಉಳಿಯಲಿ. ದೋಷ ಬರಿಸುತ್ತಿದ್ದ ಪರೀಕ್ಷೆಯನ್ನು ಹೊಸ ಕರ್ನಲ್ ಮೇಲೆ, ಮೊದಲಿಗಿಂತ ಹೆಚ್ಚು ಹೊತ್ತು ಓಡಿಸಿ. ದೋಷ ಬರದಿದ್ದರೆ ಪ್ಯಾಚ್‌ಗೆ 'ಟೆಸ್ಟೆಡ್ ಬೈ' ಎಂದು ನಿಮ್ಮ ಹೆಸರು ಕಳಿಸಿ, ಬೈಸೆಕ್ಟ್ ಲಾಗ್ ಒಂದು ಫೈಲ್‌ನಲ್ಲಿ ಇಟ್ಟುಕೊಂಡು 'ಗಿಟ್ ಬೈಸೆಕ್ಟ್ ರೀಸೆಟ್' ಕೊಡಿ.